ಮೀನಿನ ತೊಟ್ಟಿಗೂ ಹೆಪ್ಪು ಬೇಕು

ಊರು ಬಿಟ್ಟು ಮುಲುಂಡಿನ ನಮ್ಮ ಮನೆಗೆ ಬಂದ ಅತ್ತೆಯವರಿಗೆ ಮೊಣಕಾಲು ನೋವು. ಮೂರು ಮಹಡಿ ಹತ್ತಿಳಿಯಲಾರರು. ಅವರಿಗೆ ಹೊತ್ತು ಹೋಗಲೆಂದು ನನ್ನ ಮಗ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಎರಡಡಿ ಉದ್ದದ ಅಕ್ವೇರಿಯಂ ತಂದ. ಪ್ಲಾಸ್ಟಿಕ್ ಗಿಡ ಬೇಡ, ನಮ್ಮ ಕೆರೆಯಲ್ಲಿರುವಂಥ ಜೀವಂತ ಗಿಡಗಳೇ ಇರಲಿ ಎಂದವರು ಅತ್ತೆ. ಹನ್ನೆರಡು ಮೀನು, ನಾಲ್ಕಾರು ಬಗೆಯ ಗಿಡ. ಅವರ ಕುರ್ಚಿ ಅದರೆದುರೇ.

ದೀಪಾವಳಿಗೆ ಮನೆಯೆಲ್ಲ ಸ್ವಚ್ಛ ಮಾಡುವಾಗ ಫಿಲ್ಟರಿನ ಸ್ಪಂಜಿನಲ್ಲಿ ಕಂದುಬಣ್ಣದ ಲೋಳೆ ಕಂಡಿತು. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿ ಹಿಂಡಿ ತೊಳೆದೆ. ಮೂರನೆಯ ದಿನ ನೀರು ಮಂಜಾಯಿತು, ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ವಾರದೊಳಗೆ ಒಂಬತ್ತು ಸತ್ತವು. ಅತ್ತೆ ಏನೂ ಅನ್ನಲಿಲ್ಲ. ಕುರ್ಚಿಯನ್ನು ಮಾತ್ರ ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಅದೇ ನನ್ನನ್ನು ಚುಚ್ಚಿತು.

ಇಂಗ್ಲಿಷ್ ಬಿ.ಎ. ಮಾಡಿದ ನನಗೆ ರಸಾಯನಶಾಸ್ತ್ರ ದೂರ. ಆದರೂ ಓದಿ, ಕೇಳಿ ತಿಳಿದುಕೊಂಡೆ. ಮೀನಿನ ಮಲಮೂತ್ರ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳ ಮನೆಯೇ ಆ ಲೋಳೆಯ ಸ್ಪಂಜು. ನಲ್ಲಿಯ ನೀರಿನ ಕ್ಲೋರಿನ್ ಅವುಗಳನ್ನು ಕೊಂದಿತ್ತು. ಅಂದರೆ ಫಿಲ್ಟರ್ ಬರೀ ಕಸ ಹಿಡಿಯುವ ಜರಡಿಯಲ್ಲ.

ಆಯ್ಕೆಯಲ್ಲೂ ತಪ್ಪಿದ್ದೆವು. ಜೋರಾಗಿದ್ದರೆ ಒಳ್ಳೆಯದೆಂದು ಕೊಂಡ ಫಿಲ್ಟರಿನ ಸೆಳೆತಕ್ಕೆ ಗಿಡಗಳು ಬೇರು ಬಿಡುವ ಮೊದಲೇ ಕಿತ್ತು ಬರುತ್ತಿದ್ದವು. ಮೊದಲು ಲೆಕ್ಕ ಹಾಕಿ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರವಾದರೆ 54 ಲೀಟರ್. ಮರಳು, ಕಲ್ಲು ಕಳೆದರೆ ಸುಮಾರು 45. ಗಂಟೆಗೆ ಅದರ ನಾಲ್ಕೈದು ಪಟ್ಟು, ಎಂದರೆ 200 ಲೀಟರಿನ ಆಸುಪಾಸು ಸಾಕು. ಗಿಡಗಳೂ ಅಮೋನಿಯಾವನ್ನು ನೇರವಾಗಿ ಹೀರುವುದರಿಂದ ಅರ್ಧ ಕೆಲಸ ಅವೇ ಮಾಡುತ್ತವೆ.

ಚಿಕ್ಕ ತೊಟ್ಟಿಗೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗ. ಸೆಳೆತ ಮೃದು, ಮರಿಗಳು ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವವರಿಗೆ ಮಾತ್ರ ಇದು ಸಲ್ಲದು, ಗುಳ್ಳೆಗಳು ಆ ಅನಿಲವನ್ನು ಹೊರಗೆ ಹಾಕುತ್ತವೆ. ಅಂಚಿಗೆ ನೇತುಹಾಕುವ ಫಿಲ್ಟರ್ ತೊಳೆಯಲು ಸುಲಭ. ನೀರು ಎತ್ತರದಿಂದ ಧುಮುಕದಂತೆ ತೊಟ್ಟಿಯನ್ನು ತುಂಬಿಸಿಡಬೇಕು. ಅದರೊಳಗಿನ ಇದ್ದಿಲಿನ ಚೀಲ ಔಷಧ ಹಾಕಿದ ಮೇಲೆ ಅದನ್ನು ತೆಗೆಯಲು ಒಳ್ಳೆಯದು, ದಿನನಿತ್ಯಕ್ಕೆ ಬೇಕಿಲ್ಲ. ಆ ಜಾಗದಲ್ಲಿ ಸ್ಪಂಜು ಹಾಕಿ. ಮೂರು ನಾಲ್ಕು ಅಡಿಯ ತೊಟ್ಟಿಗಾದರೆ ಕೆಳಗೆ ಕಪಾಟಿನಲ್ಲಿಡುವ ಕ್ಯಾನಿಸ್ಟರ್ ಉತ್ತಮ, ಆದರೆ ದುಬಾರಿ. ಕರೆಂಟು ಹಲವು ಗಂಟೆ ಹೋದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತದೆ. ಒಳಗಿನ ನೀರು ಚೆಲ್ಲಿಯೇ ಮತ್ತೆ ಚಾಲೂ ಮಾಡಬೇಕು. ಜಲ್ಲಿಯ ಅಡಿಯಲ್ಲಿಡುವ ಫಿಲ್ಟರ್ ಗಿಡದ ತೊಟ್ಟಿಗೆ ಬೇಡ. ಅದನ್ನು ತೆಗೆದು ತೊಳೆಯಬೇಕಾದರೆ ಗಿಡಗಳನ್ನೆಲ್ಲ ಕೀಳಬೇಕು.

ನಾವು ಸ್ಪಂಜಿನದನ್ನೇ ಆರಿಸಿದೆವು. ಹೊಸ ಫಿಲ್ಟರ್ ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ಅದನ್ನು ಕಡಿಮೆ ಮಾಡುವ ಉಪಾಯ ಗೃಹಿಣಿಯರಿಗೆ ಹೇಳಿಕೊಡಬೇಕೇ? ಪಕ್ಕದ ಕಟ್ಟಡದ ಗೆಳತಿಯ ಮನೆಯ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ತಂದು ನಮ್ಮ ಫಿಲ್ಟರಿಗೆ ಕಟ್ಟಿದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆ! ಆಮೇಲೆ ಎರಡೆರಡೇ ಮೀನು ಬಿಟ್ಟೆವು. ಈಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಬಾರಿ ಹಿಂಡಿದರೆ ಮುಗಿಯಿತು.

ಇದನ್ನೆಲ್ಲ ಅತ್ತೆಯವರಿಗೆ ವಿವರಿಸಿದಾಗ ಅವರು ನಕ್ಕರು. “ಊರ ಕೆರೆಯನ್ನು ಯಾರು ಸೋಪು ಹಾಕಿ ತಿಕ್ತಾರೆ ಮಾರಾಯ್ತಿ? ಮೀನು ಬದುಕೋದಿಲ್ವಾ?” ಎಂದರು.

ಕುರ್ಚಿ ಮತ್ತೆ ತೊಟ್ಟಿಯ ಕಡೆಗೆ ತಿರುಗಿದೆ.