ಕತ್ತಲ ನಾಡಿನ ಬೇಸಿಗೆ ಹಾಡು

ಫಿನ್ಲೆಂಡಿನಲ್ಲಿ ಚಳಿಗಾಲವೆಂದರೆ ಹಿಮ ಮಾತ್ರವಲ್ಲ, ಕತ್ತಲೂ ಹೌದು. ಉತ್ತರದ ತುದಿಯಲ್ಲಿ ಸುಮಾರು 50 ದಿನ ಸೂರ್ಯ ಮೂಡುವುದೇ ಇಲ್ಲ. ಆಗ್ನೇಯದ ಸರೋವರಗಳ ನಡುವಿನ ಸವೊನ್ಲಿನ್ನಾ ಪಟ್ಟಣದಲ್ಲೂ ಡಿಸೆಂಬರಿನ ಹಗಲು ಆರು ಗಂಟೆ ದಾಟದು. ಬೆಳಕಿನ ಅಭಾವ ಮನಸ್ಸನ್ನು ಕುಗ್ಗಿಸುತ್ತದೆ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ. ಈ ಮಂಕು ಕಳೆಯಲು ಅಲ್ಲಿನ ರಸಿಕರು ಜುಲೈಗಾಗಿ ಕಾಯುತ್ತಾರೆ. ಆಗ ರಾತ್ರಿ ಹತ್ತಾದರೂ ಬೆಳಕು ಆರದು. 1475ರಲ್ಲಿ ಕಟ್ಟಲಾರಂಭಿಸಿದ ಓಲವಿನ್ಲಿನ್ನಾ ಕೋಟೆಯ ಅಂಗಳದಲ್ಲಿ ಒಪೆರಾ ಉತ್ಸವ, ಅಂದರೆ ಸಂಗೀತ ನಾಟಕಗಳ ಹಬ್ಬ, ನಡೆಯುತ್ತದೆ.

ಇದನ್ನು 1912ರಲ್ಲಿ ಆರಂಭಿಸಿದವರು ಪ್ಯಾರಿಸ್ಸಿನಲ್ಲಿ ಹೆಸರು ಗಳಿಸಿದ್ದ ಗಾಯಕಿ ಐನೊ ಆಕ್ಟೆ. ದೇಶ ಆಗ ರಷ್ಯದ ಆಳ್ವಿಕೆಯಲ್ಲಿತ್ತು. ತಮ್ಮ ನಾಡಿನ ಒಪೆರಾ ಕೇಳುವುದೇ ಜನರಿಗೊಂದು ಧೈರ್ಯ. ಮೊದಲ ಮಹಾಯುದ್ಧದಿಂದ ಕುಂಟಿದ ಉತ್ಸವ ಮುಂದೆ ನಿಂತೇಹೋಯಿತು. 1967ರಲ್ಲಿ ಮತ್ತೆ ಚಿಗುರಿತು. 1972ರಿಂದ ಅದರ ಹೊಣೆ ಹೊತ್ತ ಮಂದ್ರಕಂಠದ ಗಾಯಕ ಮಾರ್ಟಿ ತಲ್ವೆಲಾ ಅದಕ್ಕೆ ಜಗತ್ತಿನ ಗಮನ ದೊರಕಿಸಿದರು. ಕೋಟೆಯ 500ನೇ ವರ್ಷಕ್ಕೆಂದೇ ಔಲಿಸ್ ಸಲ್ಲಿನೆನ್ ರಚಿಸಿದ 'ರಾವುತ' 1975ರಲ್ಲಿ ಅಲ್ಲೇ ರಂಗವೇರಿತು.

ಧ್ವನಿಮುದ್ರಿಕೆ ಚಳಿಗಾಲದಲ್ಲೂ ಸಿಗುತ್ತದೆ. ಆದರೆ ಮೆಚ್ಚಿನ ಕಲಾವಿದರನ್ನು ಕಣ್ಣೆದುರೇ ಕಂಡು, ನೂರಾರು ಜನರ ನಡುವೆ ಕುಳಿತು ಕೇಳಿದ ಒಂದು ಸಂಜೆ ಮುಂದಿನ ಡಿಸೆಂಬರಿಗೆ ಬುತ್ತಿಯಾಗುತ್ತದೆ.