ತೆರೆಯೇರುವ ಮುನ್ನ ತೋಳು ಬಲಿಯಲಿ

ಮೂಲ್ಕಿ, ಪಡುಬಿದ್ರಿ, ಮಲ್ಪೆಗಳ ಕಡೆಯಿಂದ ಮುಂಬಯಿ, ಪುಣೆಗಳಿಗೆ ಬಂದು ಹೋಟೆಲು, ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಅನೇಕರು ಕಡಲಿನ ಮೊರೆತವನ್ನು ಕೇಳುತ್ತಲೇ ಬೆಳೆದವರು. ಆದರೆ ಎದೆಮಟ್ಟದ ನೀರಿನಾಚೆಗೆ ಹೋದವರಲ್ಲ. ಈಗ ಅದೇ ಮೂಲ್ಕಿಯ ಶಾಂಭವಿ ನದಿಯ ಅಳಿವೆಯ ಬಳಿ ತರುಣರು ಹಲಗೆಯ ಮೇಲೆ ನಿಂತು ತೆರೆಯ ಬೆನ್ನೇರಿ ದಡಕ್ಕೆ ಬರುವುದನ್ನು ಊರಿಗೆ ಹೋದವರು ಕಂಡು ಬಂದು ವರ್ಣಿಸುತ್ತಾರೆ. 2016ರಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಎಂಬ ಸರ್ಫಿಂಗ್ ಪಂದ್ಯವೇ ನಡೆಯಿತು. ಮುಂದಿನ ರಜೆಯಲ್ಲಿ ತಾವೂ ಒಂದು ಕೈ ನೋಡಬೇಕೆನ್ನುವ ತರುಣರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ದಡದಲ್ಲಿ ನಿಂತು ನೋಡುವವರಿಗೆ ಇದು ಕಾಲಿನ ಆಟವೆಂದು ತೋರುತ್ತದೆ. ಇದು ಭ್ರಮೆ. ಸರ್ಫಿಂಗ್ ಆಡುವವನು ನೀರಿನಲ್ಲಿ ಕಳೆಯುವ ಕಾಲದ ಸುಮಾರು ಅರ್ಧಭಾಗವು ಹಲಗೆಯ ಮೇಲೆ ಬೋರಲಾಗಿ ಮಲಗಿ, ಎದೆಯನ್ನೆತ್ತಿ, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವುದರಲ್ಲಿಯೇ ಮುಗಿಯುತ್ತದೆ. ಮಿಕ್ಕುದರಲ್ಲಿ ಬಹುಪಾಲು ತೆರೆಗಾಗಿ ಕಾಯುವುದು. ತೆರೆಯ ಮೇಲೆ ನಿಲ್ಲುವ ಕಾಲವು ನೂರರಲ್ಲಿ ಹತ್ತು ಪಾಲನ್ನೂ ಮುಟ್ಟದು. ಆದುದರಿಂದ ಮೊದಲು ಬಲಿಯಬೇಕಾದುವು ಹೆಗಲು, ಬೆನ್ನು ಮತ್ತು ಉಸಿರು.

ಈ ಆಟದ ತವರು ಹವಾಯಿ ದ್ವೀಪಗಳು. ಅದನ್ನು ಲೋಕಕ್ಕೆ ಪರಿಚಯಿಸಿದ ಡ್ಯೂಕ್ ಕಹನಮೋಕು ಮೊದಲಿಗೆ ಈಜುಗಾರ. 1912ರಲ್ಲಿ ಸ್ಟಾಕ್‌ಹೋಮಿನಲ್ಲಿಯೂ 1920ರಲ್ಲಿ ಆಂಟ್ವರ್ಪಿನಲ್ಲಿಯೂ 100 ಮೀಟರ್ ಈಜಿನಲ್ಲಿ ಒಲಿಂಪಿಕ್ ಸ್ವರ್ಣಪದಕ ಪಡೆದವನು. 1925ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ ಒಂದು ದೋಣಿಯು ಉಗ್ರವಾದ ತೆರೆಗಳಿಗೆ ಸಿಕ್ಕಿ ಮಗುಚಿದಾಗ, ಆತನು ತನ್ನ ಹಲಗೆಯೊಡನೆ ಮತ್ತೆ ಮತ್ತೆ ನೀರಿಗಿಳಿದು ಎಂಟು ಮಂದಿಯನ್ನು ದಡ ಸೇರಿಸಿದನು. ಆಗ ಆತನಿಗೆ ಮೂವತ್ತನಾಲ್ಕು ವರ್ಷ. ಹಲಗೆಯ ಮೇಲೆ ಚೆಲುವಾಗಿ ನಿಲ್ಲಬಲ್ಲವನೆಂಬುದರಿಂದ ಆ ಎಂಟು ಜೀವಗಳು ಉಳಿಯಲಿಲ್ಲ. ಈಜಿನಿಂದ ಪಳಗಿದ ತೋಳುಗಳಿಂದ ಉಳಿದುವು.

ಹಾಗಾದರೆ ಸಾಧನೆ ಹೇಗೆ? ಈಜು ಬಾರದವನು ಹಲಗೆಯನ್ನು ಮುಟ್ಟಲೇಬಾರದು. ಕಾಲಿಗೂ ಹಲಗೆಗೂ ಹಗ್ಗ ಕಟ್ಟಿರುತ್ತದೆ, ನಿಜ. ಆದರೆ ಹಗ್ಗ ಹರಿಯುವುದುಂಟು. ವಾರಕ್ಕೆ ಎರಡು ಮೂರು ದಿನ ಈಜುಕೊಳಕ್ಕೆ ಹೋಗಿ, ಎಲ್ಲಿಯೂ ನಿಲ್ಲದೆ 200 ಮೀಟರ್ ಈಜುವಷ್ಟಾದರೂ ಆಗಬೇಕೆಂದು ನಮ್ಮ ಅಭಿಪ್ರಾಯ. ಅದಾದ ಮೇಲೆ 25 ಮೀಟರ್ ರಭಸದಿಂದ ಈಜಿ, ಕೊಂಚ ತಡೆದು, ಮತ್ತೆ ಈಜುವುದನ್ನು ರೂಢಿಸಬೇಕು. ದೊಡ್ಡ ತೆರೆಗಳು ಒಂದರ ಹಿಂದೊಂದು ಗುಂಪಾಗಿ ಬರುತ್ತವೆ. ದಣಿವಾರಿಸಿಕೊಳ್ಳಲು ಅವು ಪುರಸೊತ್ತು ಕೊಡುವುದಿಲ್ಲ. ಉಸಿರನ್ನು ದೀರ್ಘವಾಗಿ ಎಳೆದೆಳೆದು ಬಿಟ್ಟು ನೀರಿನೊಳಗೆ ಒಬ್ಬರೇ ಮುಳುಗಿ ಕುಳಿತುಕೊಳ್ಳುವ ಹುಚ್ಚುಸಾಹಸ ಮಾತ್ರ ಬೇಡ. ನುರಿತ ಈಜುಗಾರರೂ ಹಾಗೆ ಎಚ್ಚರ ತಪ್ಪಿ ಸತ್ತಿದ್ದಾರೆ.

ನೆಲದ ಮೇಲಿನ ವ್ಯಾಯಾಮಕ್ಕೆ ಹೊಸ ಉಪಕರಣಗಳೇನೂ ಬೇಡ. ಮಲಗಿದಲ್ಲಿಂದ ಕೈಯೂರಿ ಒಮ್ಮೆಗೇ ಎದ್ದು ನಿಲ್ಲಲು ಗರಡಿಮನೆಯ ದಂಡವೇ ಸಾಕು. ಸೂರ್ಯನಮಸ್ಕಾರದಲ್ಲಿ ಹಿಂದಿನ ಕಾಲನ್ನು ಎರಡು ಕೈಗಳ ನಡುವೆ ತರುವ ಹೆಜ್ಜೆಯೂ ಇದಕ್ಕೆ ಬಹಳ ಹತ್ತಿರವಾದುದು. ಎದೆಯೆತ್ತಿ ಮಲಗುವ ಶಕ್ತಿಗೆ ಭುಜಂಗಾಸನ, ಶಲಭಾಸನ. ನೀರನ್ನೆಳೆಯುವ ಬಲಕ್ಕೆ ಕಂಬಿಗೆ ಜೋತು ಮೈಯನ್ನು ಮೇಲಕ್ಕೆಳೆಯುವುದು. ಬಾವಿಯಿಂದ ನೀರು ಸೇದಿ ಬೆಳೆದವರಿಗೆ ಇದು ಬೇಗನೆ ಒಲಿಯುತ್ತದೆ.

ಆದರೆ ಎಲ್ಲರಿಗೂ ಒಂದೇ ಮದ್ದಲ್ಲ. ಒಲೆಯ ಮುಂದೆ ಅಥವಾ ಮೇಜುಗಳ ನಡುವೆ ದಿನವಿಡೀ ನಿಂತೇ ದುಡಿಯುವ ನಮ್ಮ ಹೋಟೆಲು ಬಂಧುಗಳ ಕಾಲುಗಳು ಮೊದಲೇ ಸೋತಿರುತ್ತವೆ. ಅವರು ನೂರು ಬೈಠಕ್ ಹೊಡೆಯುವುದಕ್ಕಿಂತ ಒಂದು ಗಂಟೆ ಹೆಚ್ಚು ನಿದ್ರೆ ಮಾಡುವುದು ಮೇಲು. ಗುಮಾಸ್ತರ ಕಷ್ಟವೇ ಬೇರೆ. ಮೇಜಿನ ಮೇಲೆ ಬಾಗಿ ಬಾಗಿ ಅವರ ಹೆಗಲು ಮುಂದಕ್ಕೆ ಜರಿದು ಎದೆ ಬಿಗಿದಿರುತ್ತದೆ. ಅದನ್ನು ಸಡಿಲಿಸದೆ ನೀರಿಗಿಳಿದರೆ ಹೆಗಲು ನೋವು ಹಿಡಿದು, ಎರಡನೆಯ ದಿನವೇ ಹಲಗೆಯನ್ನು ಮೂಲೆಗಿಡಬೇಕಾದೀತು.

ಇಷ್ಟೆಲ್ಲ ಬಲ ಬಂದ ಮೇಲೂ ಕಡಲಿನ ಸೆಳವಿಗೆ ಎದುರಾಗಿ ಈಜಿ ಗೆಲ್ಲುತ್ತೇವೆಂದು ಯಾರೂ ಭಾವಿಸಬಾರದು. ದಡದಿಂದ ಒಳಕ್ಕೆ ಎಳೆಯುವ ನೀರಿಗೆ ಸಿಕ್ಕಿದವನು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವನ್ನು ದಾಟಿ, ಆಮೇಲೆ ದಡದತ್ತ ತಿರುಗಬೇಕು. ಹಲಗೆಯನ್ನು ಬಿಡಬಾರದು, ಅದೇ ತೇಲಿಸುತ್ತದೆ. ಅಳಿವೆಯ ಬಾಯಲ್ಲಿ ನದಿಯ ನೀರೂ ಇಳಿತದ ನೀರೂ ಕೂಡಿ ಎಳೆಯುವುದರಿಂದ ಕಲಿಸುವವರಿಲ್ಲದೆ ಅಲ್ಲಿ ಇಳಿಯುವುದು ಸಲ್ಲದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ಕಡಲು ಹೊಸಬರದಲ್ಲ. ಮಳೆ ಕಳೆದು ತೆರೆಗಳು ತಗ್ಗಿದ ಮೇಲೆ ಕಲಿಯಲು ಅನುಕೂಲ. ದೀಪಾವಳಿಗೆ ಊರಿಗೆ ಹೋಗುವವರು ನಾಗರಪಂಚಮಿಯ ಹೊತ್ತಿಗೇ ಈಜುಕೊಳಕ್ಕೆ ಇಳಿದಿರಬೇಕು.