ಒದ್ದೆಯಲ್ಲೂ ಬಿಡದ ಅಂಟು

ಮಳೆಗಾಲದಲ್ಲಿ ಜ್ಞಾನಭಾರತಿಯ ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ವಿದ್ಯಾರ್ಥಿಯ ಗಾಯಕ್ಕೆ ಪಟ್ಟಿ ಅಂಟಿಸಿದರೆ, ಅದು ತುಸು ಹೊತ್ತಿನಲ್ಲಿಯೇ ಬೆವರಿಗೂ ನೀರಿಗೂ ಸೋತು ಕಳಚಿ ಬೀಳುವುದನ್ನು ನಾವು ಕಂಡಿದ್ದೇವೆ. ಚರ್ಮದ ಮೇಲಿನ ಪಟ್ಟಿ ಬಿದ್ದರೆ ಬೇರೊಂದನ್ನು ಹಚ್ಚಬಹುದು. ಆದರೆ ಮಿಡಿಯುವ ಹೃದಯದ ಮೇಲೆ ವಿದ್ಯುತ್ ತಂತಿಯೊಂದನ್ನು ನಿಲ್ಲಿಸಬೇಕಾದಾಗ ಮಾಡುವುದೇನು?

ಹೃದಯದ ಶಸ್ತ್ರಚಿಕಿತ್ಸೆಯಾದ ಬಳಿಕ ಕೆಲವು ದಿನಗಳವರೆಗೆ ಅದರ ಮಿಡಿತದ ಲಯ ತಪ್ಪುವ ಸಂಭವವುಂಟು. ಅದಕ್ಕಾಗಿ ವೈದ್ಯರು ಸಣ್ಣ ತಂತಿಗಳನ್ನು ಹೃದಯದ ಹೊರಮೈಗೆ ಹೊಲಿದು, ಅವುಗಳ ತುದಿಯನ್ನು ಚರ್ಮದಾಚೆಗೆ ತಂದು, ವಿದ್ಯುತ್ತಿನ ಪ್ರೇರಣೆ ಕೊಡುವ ಯಂತ್ರಕ್ಕೆ ಜೋಡಿಸುತ್ತಾರೆ. ರೋಗಿ ಚೇತರಿಸಿಕೊಂಡ ಮೇಲೆ ಅವನ್ನು ಹೊರಗಿನಿಂದ ಎಳೆದು ತೆಗೆಯುತ್ತಾರೆ. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ; ವಿರಳವಾಗಿ ಮಾತ್ರ, ಎಳೆದ ತಂತಿ ಹೃದಯದ ಮೈಯನ್ನೇ ಹರಿದು, ಪ್ರಾಣಕ್ಕೆ ಎರವಾಗುವಂಥ ರಕ್ತಸ್ರಾವವಾಗುವುದೂ ಉಂಟು. ಹಾಗಾದರೆ ಹೊಲಿಗೆಗೆ ಬದಲಾಗಿ ಅಂಟನ್ನೇಕೆ ಬಳಸಬಾರದು?

ಅಂಟುವಿಕೆಯೆಂಬುದು ಅಣುಗಳ ನಡುವಿನ ಆಕರ್ಷಣೆಯ ಫಲ. ಈ ಆಕರ್ಷಣೆಯ ಹರಹು ಬಹಳ ಕಿರಿದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ದೂರದಲ್ಲಿಯೇ ಅದು ಹೆಚ್ಚು ಕಡಿಮೆ ಮುಗಿದುಹೋಗುತ್ತದೆ. ಒಳಗಿನ ಅಂಗಗಳ ಮೇಲೆ ಸದಾ ಇರುವ ನೀರಿನ ಪೊರೆ ಇದಕ್ಕಿಂತ ಬಹು ದಪ್ಪ. ಆದುದರಿಂದ ಅಂಟು ನೀರನ್ನು ಮುಟ್ಟುತ್ತದೆಯೇ ಹೊರತು ಅಂಗವನ್ನು ಮುಟ್ಟುವುದಿಲ್ಲ. ಇದು ಮೊದಲನೆಯ ತೊಡಕು. ನಿಮಿಷಕ್ಕೆ ಸುಮಾರು 70 ಸಲ ಮಿಡಿಯುವ ಹೃದಯವು ದಿನವೊಂದಕ್ಕೆ ಲಕ್ಷ ಸಲ ಹಿಗ್ಗಿ ಕುಗ್ಗುತ್ತದೆ. ಗಡುಸಾದ ಅಂಟು ಅದರೊಡನೆ ಬಾಗಲಾರದೆ ಬಿರಿಯುತ್ತದೆ. ಇದು ಎರಡನೆಯದು.

ಮೊದಲನೆಯ ತೊಡಕನ್ನು ಪ್ರಕೃತಿ ಎಂದೋ ಬಿಡಿಸಿದೆ. ಕಾಸರಗೋಡಿನ ಹಿನ್ನೀರುಗಳಲ್ಲಿ ಪಚ್ಚಿಲೆಯೆಂಬ ಹಸಿರು ಚಿಪ್ಪಿನ ಜೀವಿಯನ್ನು ಹಗ್ಗಗಳ ಮೇಲೆ ಬೆಳೆಸುತ್ತಾರೆ. ಮರಿಗಳನ್ನು ಹಗ್ಗದ ಸುತ್ತ ಹರಡಿ, ತೆಳುವಾದ ಹತ್ತಿಯ ಬಟ್ಟೆಯಿಂದ ಹೊಲಿದು ನೀರಿಗೆ ಇಳಿಬಿಡುತ್ತಾರೆ. ದಿನ ಕಳೆದಂತೆ ಬಟ್ಟೆ ಕೊಳೆತು ಹೋಗುತ್ತದೆ. ಮರಿಗಳು ಮಾತ್ರ ಬೀಳುವುದಿಲ್ಲ. ಅಷ್ಟರೊಳಗೆ ಅವು ರೇಷ್ಮೆಯಂಥ ಎಳೆಗಳನ್ನು ಹೊರಡಿಸಿ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತವೆ! ಇದೇ ಬಳಗದ ಇನ್ನೊಂದು ಚಿಪ್ಪುಜೀವಿಯ ಅಂಟಿನ ಪ್ರೋಟೀನಿನಲ್ಲಿ ಡೋಪಾ ಎಂಬ ವಸ್ತು ಇರುವುದನ್ನು ಹರ್ಬರ್ಟ್ ವೈಟ್ ಮತ್ತು ಮಾರ್ವಿನ್ ಟ್ಯಾಂಜರ್ 1981ರಲ್ಲಿ ತೋರಿಸಿದರು. ನಮ್ಮ ಬೇಲಿಗಳ ನಸುಗುನ್ನಿಯ ಬೀಜದಲ್ಲಿರುವುದೂ ಈ ಡೋಪಾವೇ. ಒದ್ದೆಯಾದ ಮೇಲ್ಮೈಯನ್ನು ಹಿಡಿಯುವುದರಲ್ಲಿ ಇದರ ಪಾತ್ರ ಹಿರಿದು.

ಮನುಷ್ಯ ಮಾಡಿದ ಅಂಟುಗಳ ಕಥೆ ಬೇರೆ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಅವರು ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕನ್ನು ಹುಡುಕುತ್ತಿದ್ದಾಗ ಸಯನೊಅಕ್ರಿಲೇಟ್ ದೊರೆಯಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಪೀಡೆಯೆಂದು ಅದನ್ನು ಆಗ ಬದಿಗಿಟ್ಟರು. 1958ರಲ್ಲಿ ಅದೇ ವಸ್ತು ಅಂಟಾಗಿ ಮಾರುಕಟ್ಟೆಗೆ ಬಂದಿತು. ತೇವ ತಾಗಿದೊಡನೆ ಗಟ್ಟಿಯಾಗುವುದು ಇದರ ವಿಶೇಷ. ಇದರ ಬಗೆಯೊಂದರಿಂದ ಚರ್ಮದ ಗಾಯಗಳನ್ನು ಮುಚ್ಚಲು 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಇದು ಗಡುಸು. ದೇಹದೊಳಗೆ ಕ್ಷಯಿಸುವಾಗ ವಿಷಕಾರಿಯಾದ ಫಾರ್ಮಾಲ್ಡಿಹೈಡನ್ನು ಬಿಡುತ್ತದೆ. ಹೃದಯಕ್ಕೆ ಇದು ತಕ್ಕುದಲ್ಲ.

2019ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಶುವಾನ್‌ಹೆ ಝಾವೊ ಅವರ ತಂಡವು ಎರಡೂ ತೊಡಕುಗಳನ್ನು ಒಂದೇ ಉಪಾಯದಿಂದ ಬಿಡಿಸಲು ಯತ್ನಿಸಿತು. ನೀರಿನೊಡನೆ ಹೋರಾಡುವ ಬದಲು ಅದನ್ನು ಕುಡಿದುಬಿಡುವುದೇ ಆ ಉಪಾಯ. ಇವರ ಒಣಪಟ್ಟಿಯನ್ನು ಒತ್ತಿದೊಡನೆ ಅದು ಅಂಗದ ಮೇಲಿನ ನೀರನ್ನು ಹೀರಿ, ಉಬ್ಬಿ, ಲೋಳೆಯಂತೆ ಮೆತ್ತಗಾಗುತ್ತದೆ. ನೀರಿನ ಪೊರೆ ಸರಿದುದರಿಂದ ಪಟ್ಟಿಯ ಅಣುಗಳು ಅಂಗದ ಪ್ರೋಟೀನುಗಳನ್ನು ತಲಪಿ, ಮೊದಲು ಸಡಿಲವಾದ ಹೈಡ್ರೋಜನ್ ಬಂಧಗಳಿಂದಲೂ ಅನಂತರ ದೃಢವಾದ ರಾಸಾಯನಿಕ ಬಂಧಗಳಿಂದಲೂ ಕೂಡಿಕೊಳ್ಳುತ್ತವೆ. ಇದಕ್ಕೆ ಬೇಕಾದ ಕಾಲ ಸುಮಾರು 5 ಸೆಕೆಂಡುಗಳು! 2020ರಲ್ಲಿ, ದ್ರಾವಣವೊಂದನ್ನು ಸವರಿ ಪಟ್ಟಿಯನ್ನು ಬಿಡಿಸುವ ಮಾರ್ಗವೂ ಸಿಕ್ಕಿತು. 2024ರಲ್ಲಿ ಇಂಥ ಅಂಟುಳ್ಳ ಮೆದುವಾದ ತಂತಿಯನ್ನು ಇಲಿ ಹಂದಿಗಳ ಹೃದಯಕ್ಕೆ ಹೊಲಿಗೆಯಿಲ್ಲದೆಯೇ ಜೋಡಿಸಿ, ಮಿಡಿತವನ್ನು ನಡೆಸಿ, ಗಾಯಮಾಡದೆ ತೆಗೆದುದು ವರದಿಯಾಯಿತು.

ಹಂದಿಯಲ್ಲಿ ಸಿದ್ಧಿಸಿದುದೆಲ್ಲ ಮನುಷ್ಯನಲ್ಲಿ ಸಿದ್ಧಿಸಲೇಬೇಕೆಂಬ ನಿಯಮವಿಲ್ಲ. ನಂಜು, ಊತ, ಬಾಳಿಕೆ ಇವನ್ನೆಲ್ಲ ತಾಳ್ಮೆಯಿಂದ ಪರೀಕ್ಷಿಸಬೇಕು. ಆದರೂ ಇಲ್ಲಿನ ಮೂಲತತ್ತ್ವವನ್ನು ನಾವು ಮನೆಯಲ್ಲಿಯೇ ನೋಡಬಹುದು. ಒದ್ದೆಯಾದ ಗಾಜಿನ ಮೇಲೆ ಅಂಟುಪಟ್ಟಿಯೊಂದನ್ನು ಹಚ್ಚಿರಿ, ಅದು ಜಾರುತ್ತದೆ. ಗಾಜಿನ ನೀರನ್ನು ಒತ್ತುಕಾಗದದಿಂದ ಹೀರಿ ಮತ್ತೊಂದನ್ನು ಹಚ್ಚಿರಿ, ಅದು ನಿಲ್ಲುತ್ತದೆ. ಒತ್ತುಕಾಗದದ ಕೆಲಸವನ್ನೂ ಅಂಟಿನ ಕೆಲಸವನ್ನೂ ಒಂದೇ ವಸ್ತುವಿಗೆ ಕಲಿಸಿದುದೇ ಈ ಹೊಸ ಪಟ್ಟಿಯ ಗುಟ್ಟು.